ಫೋಟೊ ಯಾರಿಗೆ, ಪುಸ್ತಕ ಯಾರಿಗೆ?

“ಈ ಫೋಟೊಗಳನ್ನೆಲ್ಲ ನೋಡುವವರು ಯಾರು?” ಎಂದು ಹಿರಿಯರು ಕೇಳಿದರು.

ಮೂಡುಬಿದಿರೆಯ ಮನೆಯೊಂದರ ಜಗಲಿ. ಕೇಳಿದವರು ಕಾಲೇಜು ಗ್ರಂಥಾಲಯದಲ್ಲಿ ದುಡಿದು ನಿವೃತ್ತರಾದ ಗ್ರಂಥಪಾಲಕರು. ಮೊಬೈಲ್ ಹಿಡಿದು ತೋರಿಸುತ್ತಿದ್ದವರು ಅವರ ಹಳೆಯ ವಿದ್ಯಾರ್ಥಿನಿ. ತವರು ಬಂಟ್ವಾಳ. ಮದುವೆಯಾಗಿ ಬೆಳ್ತಂಗಡಿ ತಾಲೂಕಿನ ಘಟ್ಟದ ಬುಡದ ಹಳ್ಳಿಗೆ ಹೋದವರು ಈಗ ಅಲ್ಲಿನ ಗ್ರಾಮ ಪಂಚಾಯತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಮೇಲ್ವಿಚಾರಕಿ. ಗುರುವಾಯನಕೆರೆಯಲ್ಲಿ ಬಸ್ಸು ಬದಲಿಸಿ, ವೇಣೂರಿನ ದಾರಿಯಾಗಿ ಬಂದಿದ್ದರು. ಗ್ರಂಥಾಲಯಕ್ಕೊಂದು ಫೇಸ್‌ಬುಕ್ ಪುಟ, ಇನ್‌ಸ್ಟಾಗ್ರಾಮ್ ಖಾತೆ ಬೇಕೆಂದು ಊರಿನ ಹುಡುಗರು ಒತ್ತಾಯಿಸುತ್ತಿದ್ದಾರೆ. ಮಾಡಬೇಕೋ ಬೇಡವೋ ಎಂದು ಕೇಳುವುದಕ್ಕೆ ಬಂದದ್ದು.

ಮೊಬೈಲಿನ ತುಂಬ ಕಾರ್ಯಕ್ರಮಗಳು. ಗ್ರಂಥಾಲಯ ಸಪ್ತಾಹ, ಸಂವಿಧಾನ ದಿನ, ಬೇಸಿಗೆ ಶಿಬಿರ, ದೀಪ ಬೆಳಗುವವರು, ಸಾಲಾಗಿ ನಿಂತ ಮಕ್ಕಳು.

“ನೋಡುವವರು ನಮ್ಮ ಮೇಲಿನವರು ಸರ್. ಪಂಚಾಯತಿನ ಗುಂಪಿಗೆ ಹಾಕುವುದು, ತಾಲೂಕಿನ ಗುಂಪಿಗೆ ಹಾಕುವುದು. ಮತ್ತೆ ನನ್ನ ಹಾಗಿನ ಬೇರೆ ಮೇಲ್ವಿಚಾರಕರು ನೋಡುತ್ತಾರೆ. ನಾವು ಅವರದ್ದಕ್ಕೆ ಹೆಬ್ಬೆರಳು ಒತ್ತುವುದು, ಅವರು ನಮ್ಮದಕ್ಕೆ.”

“ಓದುವವರು?”

“ಓದುವವರ ಗುಂಪು ಅಂತ ಇಲ್ಲ ಸರ್.”

“ಹಾಗಾದರೆ ನೀನು ಸೋಷಿಯಲ್ ಮೀಡಿಯಾ ಬಳಸುತ್ತಿಲ್ಲ ಅಂತ ಹೇಳಬೇಡ ಮಾರಾಯ್ತಿ. ದಿನವಿಡೀ ಬಳಸುತ್ತಿದ್ದಿ. ಮುಖ ಮಾತ್ರ ಆಚೆ ತಿರುಗಿದೆ. ಅದನ್ನು ಈಚೆ ತಿರುಗಿಸಿದರೆ ಆಯ್ತು.”

ಮೇಲ್ವಿಚಾರಕಿ ತಕ್ಷಣ ಒಪ್ಪಲಿಲ್ಲ. ಮೇಲಿನವರು ನೋಡಿದ್ದರಿಂದಲೂ ಒಳ್ಳೆಯದಾಗಿದೆ ಎಂಬುದು ಅವರ ವಾದ. ಅದರಲ್ಲಿ ಹುರುಳಿದೆ. ಕರ್ನಾಟಕದ ಗ್ರಾಮ ಪಂಚಾಯತಿ ಗ್ರಂಥಾಲಯಗಳು 2019ರಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು. ಸಂಖ್ಯೆ 5,600ಕ್ಕೂ ಹೆಚ್ಚು. ಮರುವರ್ಷ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಪಂಚಾಯತ್ ರಾಜ್ ಇಲಾಖೆಯ ಹಿರಿಯ ಅಧಿಕಾರಿಯಾಗಿದ್ದ ಉಮಾ ಮಹಾದೇವನ್ ರಾಜ್ಯದ ಮೂಲೆಮೂಲೆಯ ಹಳ್ಳಿ ಗ್ರಂಥಾಲಯಗಳ ಚಿತ್ರಗಳನ್ನು ಟ್ವಿಟರ್‌ನಲ್ಲಿ ಹಾಕುತ್ತ ಬಂದರು. ಬಣ್ಣ ಬಳಿದ ಗೋಡೆ, ಚಾಪೆಯ ಮೇಲೆ ಕೂತು ಓದುವ ಮಕ್ಕಳು ದೇಶದ ಉದ್ದಗಲಕ್ಕೆ ಕಾಣಿಸಿಕೊಂಡರು. ಹಲವು ಕಡೆ ‘ಪುಸ್ತಕ ಜೋಳಿಗೆ’ ಹೆಸರಿನಲ್ಲಿ ಮನೆಮನೆಯಿಂದ ಪುಸ್ತಕ ಸಂಗ್ರಹವಾಯಿತು.

“ಅದು ಬೇಕಾಗಿತ್ತು, ಅಲ್ಲ ಅನ್ನುವುದಿಲ್ಲ,” ಎಂದರು ಹಿರಿಯರು. “ಹಳ್ಳಿಯ ಗ್ರಂಥಾಲಯ ಅಂದರೆ ಬೀಗ ಹಾಕಿದ ಕೋಣೆ ಅಂತ ತಿಳಿದವರ ಕಣ್ಣು ತೆರೆಯಿತು. ಆದರೆ ಬೆಂಗಳೂರಿನವರಿಗೆ ನಿನ್ನ ಗ್ರಂಥಾಲಯ ಗೊತ್ತಾಯಿತು, ನಿನ್ನದೇ ಊರಿನ ಕೃಷಿಕನಿಗೆ ಗೊತ್ತಾಗಲಿಲ್ಲ ಅಂದರೆ ಕೆಲಸ ಅರ್ಧ ಉಳಿಯಿತು.”

ಎಸ್. ಆರ್. ರಂಗನಾಥನ್ ಹೆಸರು ಬಂದದ್ದು ಈ ಮಾತಿನ ಬೆನ್ನಿಗೆ. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎನಿಸಿದ ರಂಗನಾಥನ್ 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿಗೆ ಗಣಿತ ಪಾಠ ಮಾಡಲು ಬಂದವರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ಪ್ರಕಟಿಸಿದರು. ಕೊನೆಯ ದಿನಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. ಅವರ ಮೂರನೆಯ ಸೂತ್ರದ ಪ್ರಕಾರ ಪ್ರತಿ ಪುಸ್ತಕಕ್ಕೂ ಎಲ್ಲೋ ಒಬ್ಬ ಓದುಗನಿದ್ದಾನೆ. ಅವನನ್ನು ಹುಡುಕಿ ಪುಸ್ತಕವನ್ನು ಅವನ ಕಣ್ಣಿಗೆ ಬೀಳಿಸುವ ಹೊಣೆ ಗ್ರಂಥಾಲಯದ್ದು.

“ಅದೇ 1931ರಲ್ಲಿ ತಮಿಳುನಾಡಿನ ಮನ್ನಾರ್‌ಗುಡಿಯಲ್ಲಿ ಎತ್ತಿನಗಾಡಿಯ ಮೇಲೆ ಪುಸ್ತಕ ಹೇರಿಕೊಂಡು ಹಳ್ಳಿಗಳಿಗೆ ಹೋದರು. ಓದುಗ ಇದ್ದ ಕಡೆಗೆ ಹೋಗುವುದು ಆಗಿನಿಂದಲೇ ನಮ್ಮ ಕೆಲಸ. ಈಗ ನಿನ್ನ ಊರಿನವರು ಹೆಚ್ಚು ಹೊತ್ತು ಎಲ್ಲಿರುತ್ತಾರೆ?”

“ವಾಟ್ಸ್‌ಆ್ಯಪ್‌ನಲ್ಲಿ.”

“ಮತ್ತೆ ಇನ್‌ಸ್ಟಾಗ್ರಾಮ್ ಯಾಕೆ ಮೊದಲು? ಅಲ್ಲಿಂದಲೇ ಶುರು ಮಾಡು.”

ಮೇಲ್ವಿಚಾರಕಿ ತಾನು ಒಮ್ಮೆ ಪ್ರಯತ್ನಿಸಿದ್ದನ್ನು ತೋರಿಸಿದರು. ಹೂವಿನ ಅಂಚಿನ ಪೋಸ್ಟರ್, ನಡುವೆ ದೊಡ್ಡ ಅಕ್ಷರದಲ್ಲಿ ‘ಗ್ರಂಥಾಲಯಕ್ಕೆ ಬನ್ನಿ, ಜ್ಞಾನ ವೃದ್ಧಿಸಿಕೊಳ್ಳಿ’. ಊರಿನ ಗುಂಪಿಗೆ ಹಾಕಿದ್ದರು. ಅದನ್ನು ಓದಿ ಒಬ್ಬರೂ ಬರಲಿಲ್ಲ.

“ಇದರಲ್ಲಿ ಒಂದು ಪುಸ್ತಕದ ಹೆಸರೂ ಇಲ್ಲವಲ್ಲ,” ಎಂದ ಹಿರಿಯರು ಕಾಗದ ಪೆನ್ನು ತಂದರು. “ಈಗ ನಿಮ್ಮ ಊರಿನಲ್ಲಿ ಎಲ್ಲರ ಬಾಯಲ್ಲಿ ಇರುವ ವಿಷಯ ಎಂತದ್ದು?”

“ಅಡಿಕೆಯ ಎಲೆಚುಕ್ಕಿ ರೋಗ. ಮತ್ತೆಂತ?”

“ನಿನ್ನಲ್ಲಿ ಅದರ ಬಗ್ಗೆ ಓದಲಿಕ್ಕೆ ಎಂತ ಉಂಟು?”

ಆಕೆ ಯೋಚಿಸಿದರು. ಪುತ್ತೂರಿನಿಂದ 1988ರಿಂದ ಬರುತ್ತಿರುವ ‘ಅಡಿಕೆ ಪತ್ರಿಕೆ’ಯ ಹಳೆಯ ಸಂಚಿಕೆಗಳನ್ನು ಯಾರೋ ಕಟ್ಟು ಕಟ್ಟಿ ಕೊಟ್ಟಿದ್ದರು, ಮೂಲೆಯಲ್ಲಿವೆ. ಬಂಟ್ವಾಳ ತಾಲೂಕಿನ ವಿಟ್ಲದಲ್ಲಿರುವ ತೋಟದ ಬೆಳೆಗಳ ಸಂಶೋಧನಾ ಕೇಂದ್ರದ ಕೈಪಿಡಿಯೂ ಒಂದು ಇರಬೇಕು. ಇಬ್ಬರೂ ಕೂತು ಒಂದು ಸಂದೇಶ ಬರೆದರು:

“ಅಡಿಕೆಯ ಎಲೆಚುಕ್ಕಿ ರೋಗದ ಬಗ್ಗೆ ಬಂದ ಲೇಖನಗಳು ನಮ್ಮಲ್ಲಿವೆ. ಅಡಿಕೆ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಬಾಗಿಲಿನ ಬಲಬದಿಯ ಮೇಜಿನ ಮೇಲೆ ಜೋಡಿಸಿಟ್ಟಿದೆ, ಬೇಕಾದ ಪುಟಕ್ಕೆ ಚೀಟಿ ಸಿಕ್ಕಿಸಿದೆ. ಶನಿವಾರದವರೆಗೆ ಅಲ್ಲೇ ಇರುತ್ತದೆ. ಬರಲು ಆಗದವರು ಈ ನಂಬರಿಗೆ ಹೆಸರು ಕಳುಹಿಸಿ, ತೆಗೆದಿಡುತ್ತೇನೆ.”

ಪೋಸ್ಟರ್ ಇಲ್ಲ, ಹೂವಿನ ಅಂಚಿಲ್ಲ. ಯಾರಿಗೆ, ಯಾವುದು, ಎಲ್ಲಿದೆ, ಯಾವಾಗಿನವರೆಗೆ, ಹೇಗೆ ಪಡೆಯಬೇಕು ಎಂಬ ಐದೂ ಇವೆ. ಜೊತೆಗೆ ಒಂದೇ ಒಂದು ಫೋಟೊ ಸಾಕು ಎಂದರು ಹಿರಿಯರು: ಚೀಟಿ ಸಿಕ್ಕಿಸಿದ ಆ ಸಂಚಿಕೆಗಳದ್ದು.

“ಆದರೆ ಇದನ್ನು ಬರೆಯಬೇಕಾದರೆ ಮೂಲೆಯ ಕಟ್ಟು ಬಿಚ್ಚಬೇಕು, ಪುಟ ಹುಡುಕಬೇಕು ಸರ್.”

“ಅದಕ್ಕೇ ಹೇಳಿದ್ದು. ಸಂದೇಶ ಬರೆಯುವ ಹತ್ತು ನಿಮಿಷಕ್ಕಿಂತ ಮೊದಲಿನ ಒಂದು ಗಂಟೆಯೇ ಗ್ರಂಥಪಾಲಕರ ಕೆಲಸ. ಅದು ಇಲ್ಲದೆ ಹಾಕಿದ ಪೋಸ್ಟಿಗೆ ಬೆಲೆ ಇಲ್ಲ.”

ಗುಂಪು ಕಟ್ಟುವ ಬಗೆಯಲ್ಲೂ ಎಚ್ಚರ ಬೇಕು. ವಾಟ್ಸ್‌ಆ್ಯಪ್ ಗುಂಪಿಗೆ ಸೇರಿದವರ ನಂಬರ್ ಉಳಿದೆಲ್ಲರಿಗೂ ಕಾಣುತ್ತದೆ. ಗುರುತಿಲ್ಲದವರಿಂದ ರಾತ್ರಿ ‘ಹಾಯ್’ ಬಂದರೆ ಕಾಲೇಜಿಗೆ ಹೋಗುವ ಹುಡುಗಿ ಗುಂಪನ್ನೂ ಬಿಡುತ್ತಾಳೆ, ಗ್ರಂಥಾಲಯವನ್ನೂ ಬಿಡುತ್ತಾಳೆ. 2023ರ ಸೆಪ್ಟೆಂಬರಿನಲ್ಲಿ ಭಾರತಕ್ಕೆ ಬಂದ ವಾಟ್ಸ್‌ಆ್ಯಪ್ ಚಾನೆಲ್‌ನಲ್ಲಿ ಆ ತೊಂದರೆಯಿಲ್ಲ. ಸೇರಿದವರ ನಂಬರ್ ಇತರ ಸದಸ್ಯರಿಗೆ ಕಾಣುವುದಿಲ್ಲ, ಗುಡ್‌ಮಾರ್ನಿಂಗ್ ಚಿತ್ರಗಳ ಕಾಟವೂ ಇಲ್ಲ. ಓದುಗರು ಅಲ್ಲಿ ಪ್ರಶ್ನೆ ಕೇಳಲಾರರು ಎಂಬುದು ಕೊರತೆ. ಅದಕ್ಕೆ ಗ್ರಂಥಾಲಯದ ಹೆಸರಿನಲ್ಲೇ ಒಂದು ಪ್ರತ್ಯೇಕ ಸಿಮ್, ಅದರಲ್ಲಿ ಉಚಿತವಾಗಿ ಸಿಗುವ ವಾಟ್ಸ್‌ಆ್ಯಪ್ ಬಿಸಿನೆಸ್. ಅಂಗಡಿಯವರು ಸಾಮಾನಿನ ಪಟ್ಟಿ ಹಾಕುವ ಜಾಗದಲ್ಲಿ ಹೊಸ ಪುಸ್ತಕಗಳ ಮುಖಪುಟ ಹಾಕಬಹುದು. ರಜೆ ಯಾವತ್ತು, ಬಾಗಿಲು ತೆರೆಯುವುದು ಎಷ್ಟು ಹೊತ್ತಿಗೆ ಎಂಬ ಪ್ರಶ್ನೆಗಳಿಗೆ ಉತ್ತರ ತಾನಾಗಿ ಹೋಗುವಂತೆ ಮಾಡಬಹುದು.

“ಮೇಲ್ವಿಚಾರಕರ ಸ್ವಂತ ನಂಬರ್ ಬೇಡ,” ಎಂದು ಹಿರಿಯರು ಒತ್ತಿ ಹೇಳಿದರು. “ನಿನಗೆ ವರ್ಗವಾಗಲಿ, ಬಿಟ್ಟು ಹೋಗಲಿ, ನಂಬರ್ ಗ್ರಂಥಾಲಯದಲ್ಲೇ ಉಳಿಯಬೇಕು. ರಾತ್ರಿ ಎಂಟರ ಮೇಲೆ ನೀನು ಉತ್ತರ ಕೊಡಬೇಕಾಗಿಯೂ ಇಲ್ಲ.”

ಮಾತು ಹೊರದೇಶದ ಗ್ರಂಥಾಲಯಗಳತ್ತ ಹೊರಳಿತು. ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿ 2018ರ ಆಗಸ್ಟಿನಲ್ಲಿ ಇನ್‌ಸ್ಟಾಗ್ರಾಮ್‌ನ ಸ್ಟೋರಿಗಳಲ್ಲೇ ಇಡೀ ಕಾದಂಬರಿಗಳನ್ನು ಓದಲು ಕೊಟ್ಟಿತು. ಬೆರಳು ಒತ್ತಿಟ್ಟರೆ ಪುಟ ನಿಲ್ಲುತ್ತದೆ, ಬಿಟ್ಟರೆ ಮುಂದಿನ ಪುಟ. ಮೊದಲು ಬಂದದ್ದು ಲೂಯಿಸ್ ಕ್ಯಾರಲ್‌ನ ಆಲಿಸ್. ಅದಕ್ಕೂ ಹತ್ತು ವರ್ಷ ಮೊದಲು, 2008ರ ಜನವರಿಯಲ್ಲಿ, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ಸಂಗ್ರಹದ ಸುಮಾರು 3,000 ಹಳೆಯ ಛಾಯಾಚಿತ್ರಗಳನ್ನು ಫ್ಲಿಕರ್‌ಗೆ ಹಾಕಿ, ಇದು ಯಾವ ಊರು, ಯಾರಿವರು, ಗೊತ್ತಿದ್ದವರು ಹೇಳಿ ಎಂದು ಕೇಳಿತು. ಜನ ಹೇಳಿದರು. ಆ ಮಾಹಿತಿಯನ್ನು ಪರಿಶೀಲಿಸಿ ಗ್ರಂಥಾಲಯ ನೂರಾರು ಚಿತ್ರಗಳ ವಿವರ ತಿದ್ದಿಕೊಂಡಿತು.

ಕಾದಂಬರಿಯ ವಿಚಾರ ಮೇಲ್ವಿಚಾರಕಿಗೆ ಅಷ್ಟೇನೂ ಹಿಡಿಸಲಿಲ್ಲ. ಫೋಟೊದ ವಿಚಾರ ಕೇಳಿ ಕಣ್ಣರಳಿತು.

“ಬಂಟ್ವಾಳದಲ್ಲಿ ಇದನ್ನು ಮಾಡಬಹುದು ಸರ್! 1974ರ ನೆರೆಯ ಫೋಟೊ ಎಷ್ಟೋ ಮನೆಗಳಲ್ಲಿ ಉಂಟು. ಪೇಟೆಗೆ ನೇತ್ರಾವತಿಯ ನೀರು ಎಲ್ಲಿಯವರೆಗೆ ಬಂದಿತ್ತು, ಯಾವ ಅಂಗಡಿ ಯಾರದ್ದು ಅಂತ ಹೇಳುವ ಅಜ್ಜಂದಿರು ಇನ್ನೂ ಇದ್ದಾರೆ. ಅವರು ಇರುವಾಗಲೇ ಕೇಳಬೇಕು.”

“ಕೇಳಬೇಕು. ಬಿ.ಸಿ. ರೋಡಿನಲ್ಲಿ ತುಕಾರಾಮ ಪೂಜಾರಿಯವರು ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರ ನೋಡಿದ್ದಿಯಲ್ಲ? ಹಳೆಯ ಮನೆಬಳಕೆಯ ಸಾಮಾನುಗಳ ಜೊತೆಗೆ ಗ್ರಂಥಾಲಯವೂ ಅಲ್ಲಿದೆ. ಒಂದು ವಸ್ತುವಿನ ಫೋಟೊ ಹಾಕಿ, ನಿಮ್ಮ ಮನೆಯಲ್ಲಿ ಇದಕ್ಕೆ ಎಂತ ಹೇಳುತ್ತಿದ್ದರು ಅಂತ ಕೇಳು. ತುಳುವಿನವರು ಒಂದು ಹೆಸರು ಹೇಳುತ್ತಾರೆ, ಬ್ಯಾರಿ ಮನೆಯವರು ಇನ್ನೊಂದು, ಕೊಂಕಣಿಯವರು ಮತ್ತೊಂದು. ಬಂದ ಉತ್ತರಗಳನ್ನು ಪುಸ್ತಕದಲ್ಲಿ ಬರೆದಿಡು. ಫೇಸ್‌ಬುಕ್ ಬೇಕಾಗುವುದು ಇಂಥ ಕೆಲಸಕ್ಕೆ. ಮುಂಬೈ, ದುಬೈಯಲ್ಲಿ ಕೂತ ಊರಿನವರೂ ಅಲ್ಲಿ ಸಿಗುತ್ತಾರೆ.”

ಕಾದಂಬರಿ ಬಿಟ್ಟರೂ ಕಥೆ ಬಿಡಬಾರದು ಎಂದರು ಹಿರಿಯರು. ಪಂಜೆ ಮಂಗೇಶರಾಯರು ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದವರು, ಕನ್ನಡದ ಮಕ್ಕಳ ಸಾಹಿತ್ಯಕ್ಕೆ ದಾರಿ ಹಾಕಿದವರು. ತೀರಿಕೊಂಡದ್ದು 1937ರಲ್ಲಿ. ನಮ್ಮ ಕಾನೂನಿನಂತೆ ಲೇಖಕರು ತೀರಿಕೊಂಡ ಬಳಿಕ 60 ವರ್ಷ ಹಕ್ಕುಸ್ವಾಮ್ಯ ಉಳಿಯುತ್ತದೆ. ಹಾಗಾಗಿ ಪಂಜೆಯವರ ಬರಹಗಳು ಈಗ ಎಲ್ಲರ ಸ್ವತ್ತು. ವಾರಕ್ಕೊಂದು ಕಥೆಯನ್ನು ಊರಿನ ಮಕ್ಕಳಿಂದ ಓದಿಸಿ, ಐದು ನಿಮಿಷದ ಧ್ವನಿಯಾಗಿ ಕಳುಹಿಸಬಹುದು. ಘಟ್ಟದ ಬುಡದಲ್ಲಿ ವಿಡಿಯೊ ಸುತ್ತುತ್ತಲೇ ಇರುತ್ತದೆ, ಧ್ವನಿ ಹೇಗಾದರೂ ಇಳಿಯುತ್ತದೆ. 2021ರ ಮಳೆಗಾಲದಲ್ಲಿ ಸುಳ್ಯ ತಾಲೂಕಿನ ಹುಡುಗಿಯೊಬ್ಬಳು ರಸ್ತೆಬದಿಯಲ್ಲಿ, ತಂದೆ ಹಿಡಿದ ಕೊಡೆಯಡಿ ಕೂತು ಆನ್‌ಲೈನ್ ಪಾಠ ಕೇಳಿದ ಚಿತ್ರವನ್ನು ಕರಾವಳಿಯವರು ಮರೆತಿಲ್ಲ. ನೆಟ್‌ವರ್ಕ್ ಸಿಗದವರನ್ನೂ ಲೆಕ್ಕಕ್ಕೆ ಹಿಡಿದೇ ಯೋಜನೆ ಮಾಡಬೇಕು.

“ಪಿಡಿಎಫ್ ಕೇಳುತ್ತಾರೆ ಸರ್. ಕಾರಂತರ ಪುಸ್ತಕ ಹಾಕಿ, ಭೈರಪ್ಪನವರದ್ದು ಹಾಕಿ ಅಂತ.”

“ಹಾಕಬೇಡ. ಕಾರಂತರು ತೀರಿಕೊಂಡದ್ದು 1997ರಲ್ಲಿ. ಅವರ ಪುಸ್ತಕಗಳ ಹಕ್ಕು 2057ರ ಕೊನೆಯವರೆಗೆ ಉಂಟು. ಕನ್ನಡದ ಪ್ರಕಾಶಕರು ಸಾವಿರ ಪ್ರತಿ ಮಾರಲು ಹೆಣಗುತ್ತಾರೆ. ಗ್ರಂಥಾಲಯವೇ ಕದ್ದ ಪ್ರತಿ ಹಂಚಿದರೆ ಅವರು ಬದುಕುವುದು ಹೇಗೆ? ಪಿಡಿಎಫ್ ಕೇಳಿದವನಿಗೆ, ‘ಪುಸ್ತಕ ನಮ್ಮಲ್ಲಿ ಉಂಟು, ತೆಗೆದಿಟ್ಟಿದ್ದೇನೆ, ನಾಳೆ ಬನ್ನಿ’ ಅಂತ ಬರೆ. ಓದಲೇಬೇಕು ಅನ್ನುವವನು ಬರುತ್ತಾನೆ. ಮೊಬೈಲಿನಲ್ಲೇ ಬೇಕಾದವರಿಗೆ ಸಾರ್ವಜನಿಕ ಗ್ರಂಥಾಲಯ ಇಲಾಖೆ 2020ರಲ್ಲಿ ಶುರು ಮಾಡಿದ ಡಿಜಿಟಲ್ ಗ್ರಂಥಾಲಯ ಇದೆ, ಅದರಲ್ಲಿ ಸದಸ್ಯರಾಗುವುದನ್ನು ಹೇಳಿಕೊಡು. ಯಕ್ಷಗಾನದವರಿಗೆ ಯಕ್ಷವಾಹಿನಿ ಬಳಗ ಉಚಿತವಾಗಿ ಒದಗಿಸಿದ ಪ್ರಸಂಗಪ್ರತಿಗಳ ಕೊಂಡಿ ಕಳುಹಿಸು.”

ಹಂಚಬೇಕಾದದ್ದು ಮತ್ತು ಹಂಚಬಾರದ್ದು ಎಂಬ ಮಾತಿಗೆ ಮೂಡುಬಿದಿರೆಗಿಂತ ಒಳ್ಳೆಯ ಜಾಗ ಸಿಗದು. ಜೈನರ ಪ್ರಾಚೀನ ಗ್ರಂಥ ಷಟ್ಖಂಡಾಗಮಕ್ಕೆ ವೀರಸೇನರು 9ನೇ ಶತಮಾನದಲ್ಲಿ ಬರೆದ ‘ಧವಲಾ’ ವ್ಯಾಖ್ಯಾನದ ತಾಳೆಗರಿಗಳು ಇಲ್ಲಿನ ಸಿದ್ಧಾಂತ ಬಸದಿಯಲ್ಲಿ ಉಳಿದು ಬಂದಿದ್ದವು. ಶತಮಾನಗಳ ಕಾಲ ಜನರಿಗೆ ದೊರೆತದ್ದು ಅವುಗಳ ದರ್ಶನ. ಓದುವ ಅವಕಾಶ ಇರಲಿಲ್ಲ. 19ನೇ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕೆಲಸ ಶುರುವಾಗಿ, 1939ರಿಂದ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಗ್ರಂಥ ಅಚ್ಚಾಗತೊಡಗಿತು. ವಿದ್ವಾಂಸ ಕೆ. ಭುಜಬಲಿ ಶಾಸ್ತ್ರಿಗಳು ಇಲ್ಲಿನ ಭಂಡಾರಗಳಲ್ಲಿ ಏನೇನಿದೆ ಎಂದು ಪಟ್ಟಿ ಮಾಡಿದ ತಾಡಪತ್ರ ಗ್ರಂಥಸೂಚಿ 1948ರಲ್ಲಿ ಹೊರಬಂತು.

“ಭುಜಬಲಿ ಶಾಸ್ತ್ರಿಗಳು ಗ್ರಂಥಗಳನ್ನು ಮನೆಮನೆಗೆ ಹಂಚಲಿಲ್ಲ,” ಎಂದರು ಹಿರಿಯರು. “ಎಲ್ಲಿ ಎಂತ ಉಂಟು ಅಂತ ಹೇಳಿದರು. ಅಷ್ಟಕ್ಕೇ ದೂರದೂರದಿಂದ ಸಂಶೋಧಕರು ಬಂದರು. ಇಂದಿಗೂ ರಮಾರಾಣಿ ಜೈನ ಶೋಧ ಸಂಸ್ಥಾನಕ್ಕೆ ಬರುತ್ತಾರೆ. ಅನುಮತಿ ಪಡೆದು, ವಾರಕ್ಕೊಂದು ತಾಳೆಗರಿಯ ಒಂದೇ ಸಾಲಿನ ಚಿತ್ರ ಹಾಕಿ, ಇದನ್ನು ಓದಿ ನೋಡೋಣ ಅಂತ ಕಾಲೇಜು ಮಕ್ಕಳಿಗೆ ಹೇಳಿದರೆ ಹಳೆಗನ್ನಡ ಲಿಪಿ ಓದುವವರು ನಾಲ್ಕು ಜನ ತಯಾರಾದಾರು. ಇನ್‌ಸ್ಟಾಗ್ರಾಮ್ ಅಂಥದ್ದಕ್ಕೆ ಒಳ್ಳೆಯದು.”

ಕಾಲೇಜು ಮಕ್ಕಳ ಶಕ್ತಿ ಈ ಭಾಗಕ್ಕೆ ಹೊಸದಲ್ಲ. ಉಜಿರೆಯ ಎಸ್‌ಡಿಎಂ ಕಾಲೇಜಿನಲ್ಲೂ ಮೂಡುಬಿದಿರೆಯ ಆಳ್ವಾಸ್ ಕಾಲೇಜಿನಲ್ಲೂ ವಿದ್ಯಾರ್ಥಿಗಳು ವಿಕಿಪೀಡಿಯಕ್ಕೆ ಬರೆಯಲು ತಂಡ ಕಟ್ಟಿದವರು. ತುಳು ವಿಕಿಪೀಡಿಯ 2016ರ ಆಗಸ್ಟಿನಲ್ಲಿ ಬೆಳಕಿಗೆ ಬಂತು. ಅದೇ ವರ್ಷ ಜಗತ್ತಿನ ಗ್ರಂಥಪಾಲಕರಿಗಾಗಿ ವಿಕಿಪೀಡಿಯ ಒಂದು ಅಭಿಯಾನ ಆರಂಭಿಸಿತು: ಪ್ರತಿಯೊಬ್ಬ ಗ್ರಂಥಪಾಲಕರು ಒಂದೊಂದು ಲೇಖನಕ್ಕೆ ಪುಸ್ತಕದ ಆಧಾರವೊಂದನ್ನು ಸೇರಿಸುವುದು. ನಮ್ಮ ಊರಿನ ಬಗೆಗಿನ ಲೇಖನಗಳಲ್ಲಿ ಆಧಾರ ಬೇಕೆಂಬ ಗುರುತು ಬಿದ್ದ ಸಾಲುಗಳು ಹಲವಿವೆ. ಅದಕ್ಕೆ ಉತ್ತರ ಕೊಡುವ ಪುಸ್ತಕ ಅರಿವು ಕೇಂದ್ರದ ಕಪಾಟಿನಲ್ಲಿ ಸಿಕ್ಕೀತು.

ಫಾರ್ವರ್ಡ್‌ಗಳ ವಿಷಯ ಎತ್ತಿದಾಗ ಇಬ್ಬರ ಧ್ವನಿಯೂ ಗಂಭೀರವಾಯಿತು. ಕರಾವಳಿಯಲ್ಲಿ ಒಂದು ಸುಳ್ಳು ಸಂದೇಶ ಅಂಗಡಿ ಬಾಗಿಲು ಹಾಕಿಸಬಲ್ಲದು, ನೆರೆಹೊರೆಯವರ ಮಾತು ನಿಲ್ಲಿಸಬಲ್ಲದು. ಗ್ರಂಥಾಲಯ ವಾದಕ್ಕೆ ಇಳಿಯಬೇಕಾಗಿಲ್ಲ. ಯಾರಾದರೂ ಕೇಳಿದರೆ, ಆ ದಿನದ ಪತ್ರಿಕೆಯಲ್ಲಿ ಏನು ಅಚ್ಚಾಗಿದೆ, ಸರ್ಕಾರದ ಆದೇಶದಲ್ಲಿ ಏನಿದೆ ಎಂದು ಪುಟದ ಸಮೇತ ತೋರಿಸಿದರೆ ಸಾಕು. ಗ್ರಂಥಾಲಯದ ನಂಬರಿನಿಂದ ಬಂದದ್ದು ಪರಿಶೀಲಿಸಿದ ಮಾತು ಎಂಬ ನಂಬಿಕೆ ಒಮ್ಮೆ ಹುಟ್ಟಿದರೆ ಅದು ಇಡೀ ಊರಿಗೆ ಆಗುವ ಉಪಕಾರ.

ಮಕ್ಕಳ ಫೋಟೊಗಳ ಬಗ್ಗೆ ಮೇಲ್ವಿಚಾರಕಿಯೇ ಕೇಳಿದರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರನ್ನು ಮಕ್ಕಳೆಂದು ಪರಿಗಣಿಸಿ, ಅವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕೆನ್ನುತ್ತದೆ. ಮುಖದ ಬದಲು ಮಗು ಬಿಡಿಸಿದ ಚಿತ್ರ ಹಾಕಬಹುದು, ಪುಸ್ತಕದ ಬಗ್ಗೆ ಅದು ಬರೆದ ಎರಡು ಸಾಲು ಹಾಕಬಹುದು. ಯಾರು ಯಾವ ಪುಸ್ತಕ ಒಯ್ದರು ಎಂಬುದನ್ನಂತೂ ಎಲ್ಲಿಯೂ ಹಾಕಬಾರದು. ಕಾಯಿಲೆಯ ಬಗ್ಗೆಯೋ ವಿಚ್ಛೇದನದ ಕಾನೂನಿನ ಬಗ್ಗೆಯೋ ಓದಲು ಬಂದವರು ಗ್ರಂಥಾಲಯವನ್ನು ನಂಬಿ ಬಂದಿರುತ್ತಾರೆ.

“ಪುಸ್ತಕ ದಾನ ಕೇಳಬಹುದಾ ಸರ್?”

“ಕೇಳಬಹುದು. 2021ರ ಏಪ್ರಿಲಿನಲ್ಲಿ ಮೈಸೂರಿನ ರಾಜೀವನಗರದಲ್ಲಿ ಕೂಲಿ ಕಾರ್ಮಿಕರೊಬ್ಬರು ಕಟ್ಟಿದ ಗ್ರಂಥಾಲಯ ಸುಟ್ಟುಹೋಯಿತು. ಸುಮಾರು 11,000 ಪುಸ್ತಕ ಬೂದಿಯಾಯಿತು. ಸುದ್ದಿ ಆನ್‌ಲೈನಿನಲ್ಲಿ ಹರಡಿ, ಕೆಲವೇ ದಿನಗಳಲ್ಲಿ 20 ಲಕ್ಷ ರೂಪಾಯಿಗೂ ಹೆಚ್ಚು ಹಣಕ್ಕೆ ಜನ ಮುಂದಾದರು. ಕೊಡುವ ಮನಸ್ಸಿನವರು ಇದ್ದಾರೆ. ಆದರೆ ‘ಪುಸ್ತಕ ಕೊಡಿ’ ಅಂತ ಬರೆದರೆ ಹಳೆಯ ಸಿಲೆಬಸ್ಸಿನ ಗೈಡುಗಳು ಬರುತ್ತವೆ. ‘ಈ ಹತ್ತು ಪುಸ್ತಕಗಳನ್ನು ಓದುಗರು ಕೇಳಿದ್ದಾರೆ, ನಮ್ಮಲ್ಲಿಲ್ಲ’ ಅಂತ ಹೆಸರು ಹಾಕು. ಬಂದ ಮೇಲೆ, ಯಾರೂ ಮುಟ್ಟದ ಪುಸ್ತಕವಲ್ಲ ಅದು, ಓದಿಸಿಕೊಳ್ಳುತ್ತಿದೆ ಅಂತ ಕೊಟ್ಟವರಿಗೆ ತಿಳಿಸು.”

ಕೊನೆಯ ಪ್ರಶ್ನೆ ಸಮಯದ್ದು. ಬಾಗಿಲು ತೆರೆಯುವವರೂ ಗುಡಿಸುವವರೂ ರಿಜಿಸ್ಟರ್ ಬರೆಯುವವರೂ ಒಬ್ಬರೇ ಆಗಿರುವ ಕಡೆ ಇದೆಲ್ಲ ಆಗುವುದು ಹೇಗೆ? ವಾರಕ್ಕೆ ಎರಡು ಸಂದೇಶ ಸಾಕು ಎಂದರು ಹಿರಿಯರು. ಒಂದು ಪುಸ್ತಕದ್ದು, ಒಂದು ಓದುಗರ ಪ್ರಶ್ನೆಗೆ ಉತ್ತರ. ಪದವಿ ಓದುವ ಇಬ್ಬರು ಮಕ್ಕಳ ನೆರವು ಪಡೆಯಬಹುದು. ಲೈಕ್ ಎಷ್ಟು ಬಂತು ಎಂದು ಎಣಿಸುವುದರ ಬದಲು, ಸಂದೇಶ ಹೋದ ವಾರದಲ್ಲಿ ಆ ಪುಸ್ತಕ ಹೊರಗೆ ಹೋಯಿತೇ ಎಂದು ರಿಜಿಸ್ಟರಿನಲ್ಲಿ ನೋಡಬೇಕು. ಹೋಗದಿದ್ದರೆ ಮುಂದಿನ ಸಲ ಬೇರೆ ರೀತಿ ಬರೆಯಬೇಕು.

“ಮೇಲಿನವರಿಗೆ ಕಳುಹಿಸುವ ಫೋಟೊ?”

“ಅದನ್ನೂ ಕಳುಹಿಸು. ಅದರ ಜೊತೆಗೆ ಆ ತಿಂಗಳು ಓದುಗರು ಕೇಳಿದ ಪ್ರಶ್ನೆಗಳ ಪಟ್ಟಿಯನ್ನೂ ಕಳುಹಿಸು. ಯಾವ ಪುಸ್ತಕ ಕೊಳ್ಳಬೇಕು ಅಂತ ತೀರ್ಮಾನ ಮಾಡುವವರಿಗೆ ಅದಕ್ಕಿಂತ ಒಳ್ಳೆಯ ವರದಿ ಬೇರೆ ಇಲ್ಲ.”

ಇಷ್ಟೆಲ್ಲ ಆಗಬೇಕಾದರೆ ಓದುಗರ ಕಡೆಯಿಂದಲೂ ಒಂದು ಹೆಜ್ಜೆ ಬೇಕು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಓದುಗರು ತಮ್ಮ ಪಂಚಾಯತಿಯ ಅರಿವು ಕೇಂದ್ರಕ್ಕೋ ಪೇಟೆಯ ಗ್ರಂಥಾಲಯಕ್ಕೋ ಈ ವಾರ ಒಮ್ಮೆ ಹೋಗಿ, ಸಂದೇಶ ಕಳುಹಿಸಲು ನಂಬರ್ ಇದೆಯೇ ಎಂದು ವಿಚಾರಿಸಿ. ಇಲ್ಲವಾದರೆ ಒಂದು ಸಿಮ್ ಕೊಡಿಸುವ ಬಗ್ಗೆ ಪಂಚಾಯತಿ ಸದಸ್ಯರೊಡನೆ ಮಾತಾಡಿ. ಇದ್ದರೆ, ನಿಮಗೆ ಬೇಕಾಗಿಯೂ ಈವರೆಗೆ ಸಿಗದ ಒಂದು ಪುಸ್ತಕದ ಹೆಸರು ಬರೆದು ಆ ನಂಬರಿಗೆ ಕಳುಹಿಸಿ.